ಮೇ 23ರಿಂದ ಜೂನ್ 14ರವರೆಗೆ: ಐಸ್ ಹಾಕಿಯ ಕೋಚ್‌ಗಳು ಯಾರಿಗೆ ಉತ್ತರ ಕೊಡಬೇಕು?

ಸ್ಟಾನ್ಲಿ ಕಪ್ ಗೆದ್ದ ತಂಡದ ಆಟಗಾರರು, ಕೋಚ್‌ಗಳು, ಅಧಿಕಾರಿಗಳ ಹೆಸರನ್ನು ಆ ಬೆಳ್ಳಿಯ ಪಾತ್ರೆಯ ಮೇಲೆ ಕೊರೆಯುವುದು ಉತ್ತರ ಅಮೆರಿಕದ ಐಸ್ ಹಾಕಿಯ ಹಳೆಯ ರೂಢಿ. 1984ರಲ್ಲಿ ಗೆದ್ದ ಎಡ್ಮಂಟನ್ ಆಯಿಲರ್ಸ್ ತಂಡದ ಮಾಲೀಕ ಪೀಟರ್ ಪಾಕ್ಲಿಂಗ್ಟನ್, ತಂಡಕ್ಕೆ ಯಾವ ರೀತಿಯಲ್ಲೂ ಸಂಬಂಧವಿಲ್ಲದ ತಮ್ಮ ತಂದೆಯ ಹೆಸರನ್ನೂ ಆ ಪಟ್ಟಿಗೆ ಸೇರಿಸಿಬಿಟ್ಟರು. ಲೀಗ್ ಅದನ್ನು ಒಪ್ಪಲಿಲ್ಲ. ಆ ಹೆಸರಿನ ಮೇಲೆ ಹದಿನಾರು ‘ಎಕ್ಸ್’ ಅಕ್ಷರಗಳನ್ನು ಒತ್ತಿ ಮುಚ್ಚಲಾಯಿತು. ಅದೇ ಕಪ್‌ನಲ್ಲಿ, 2010ರಲ್ಲಿ ಗೆದ್ದ ಷಿಕಾಗೊ ಬ್ಲ್ಯಾಕ್‌ಹಾಕ್ಸ್ ತಂಡದ ಪಟ್ಟಿಯಲ್ಲಿ, ಎಕ್ಸ್‌ಗಳ ಇನ್ನೊಂದು ಸಾಲಿದೆ. ಅದರಡಿ ಹೂತಿರುವುದು ಬ್ರ್ಯಾಡ್ ಆಲ್ಡ್ರಿಚ್ ಎಂಬ ವಿಡಿಯೊ ಕೋಚ್‌ನ ಹೆಸರು. ತಂಡದ ಯುವ ಆಟಗಾರನೊಬ್ಬನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ ಆರೋಪ ಕ್ಲಬ್‌ನ ಮುಖ್ಯಸ್ಥರ ಕಿವಿಗೆ ಬಿದ್ದ ಮೇಲೆಯೇ ಆ ಹೆಸರು ಕಪ್ ಮೇಲೆ ಏರಿತು. ಇಳಿಯಲು ಹನ್ನೊಂದು ವರ್ಷ ಹಿಡಿಯಿತು.

ಹಾಕಿ ಎಂದೊಡನೆ ನಮಗೆ ಕೊಡಗಿನ ಮೈದಾನಗಳು ಕಣ್ಣ ಮುಂದೆ ಬರುತ್ತವೆ. ನಾನು ಹೇಳುತ್ತಿರುವುದು ಆ ಹಾಕಿಯ ವಿಷಯವಲ್ಲ. ಅಮೆರಿಕ ಮತ್ತು ಕೆನಡಾದ 32 ಕ್ಲಬ್‌ಗಳು ಆಡುವ ನ್ಯಾಷನಲ್ ಹಾಕಿ ಲೀಗ್, ಅಂದರೆ ಎನ್‌ಎಚ್‌ಎಲ್‌ನ ಹಾಕಿ. ಕೆನಡಾದಲ್ಲಿ ಅದರ ಸ್ಥಾನ ನಮ್ಮಲ್ಲಿ ಕ್ರಿಕೆಟ್‌ಗಿರುವಂಥದು. 2019ರ ಕೊನೆಯಿಂದ ಈಚೆಗೆ ಈ ಲೀಗ್‌ನ ಕೋಚ್‌ಗಳ ದುರ್ವರ್ತನೆಯ ಕಥೆಗಳು ಒಂದರ ಬೆನ್ನಿಗೆ ಒಂದು ಹೊರಬಿದ್ದವು. ಪ್ರತಿ ಬಾರಿಯೂ ಎಲ್ಲರೂ ಕೇಳಿದ ಪ್ರಶ್ನೆ ಒಂದೇ: ಇಷ್ಟು ವರ್ಷ ಇದು ಯಾರಿಗೂ ಗೊತ್ತಾಗಲಿಲ್ಲವೇ? ದಾಖಲೆಗಳನ್ನು ಓದುತ್ತಾ ಹೋದರೆ ಈ ಪ್ರಶ್ನೆಯೇ ತಪ್ಪು ಎನಿಸುತ್ತದೆ. ಗೊತ್ತಿತ್ತು. ಗೊತ್ತಿರಬೇಕಾದವರಿಗೇ ಗೊತ್ತಿತ್ತು. ಗೊತ್ತಾದ ಮರುದಿನ ಅವರು ಏನು ಮಾಡಿದರು ಎಂಬುದನ್ನು ಕೇಳಬೇಕಾಗಿದೆ.

ಷಿಕಾಗೊ ಪ್ರಕರಣದಲ್ಲಿ ಆ ಮರುದಿನದ ಲೆಕ್ಕ ಅಪರೂಪಕ್ಕೆ ತಾರೀಖು ಸಮೇತ ಸಿಗುತ್ತದೆ. ಜೆನ್ನರ್ ಆ್ಯಂಡ್ ಬ್ಲಾಕ್ ಎಂಬ ಕಾನೂನು ಸಂಸ್ಥೆ ನಡೆಸಿದ ತನಿಖೆಯ ವರದಿ 2021ರ ಅಕ್ಟೋಬರ್ 26ರಂದು ಬಹಿರಂಗವಾಯಿತು. ಅದರ ಪ್ರಕಾರ 2010ರ ಮೇ 23ರಂದು ಬ್ಲ್ಯಾಕ್‌ಹಾಕ್ಸ್ ತಂಡ ಸ್ಯಾನ್ ಹೋಸೆ ಶಾರ್ಕ್ಸ್ ತಂಡವನ್ನು ಮಣಿಸಿ ಫೈನಲ್ ತಲುಪಿತು. ಆ ದಿನ ಪಂದ್ಯ ಮುಗಿದ ಮೇಲೆ ಕೋಣೆಯೊಂದರಲ್ಲಿ ಸಭೆ ನಡೆಯಿತು. ಅಧ್ಯಕ್ಷ ಜಾನ್ ಮೆಕ್‌ಡೊನೊ, ಜನರಲ್ ಮ್ಯಾನೇಜರ್ ಸ್ಟ್ಯಾನ್ ಬೋಮನ್, ಮುಖ್ಯ ಕೋಚ್ ಜೋಯಲ್ ಕ್ವೆನ್‌ವಿಲ್, ಹಿರಿಯ ಅಧಿಕಾರಿಗಳಾದ ಅಲ್ ಮೆಕ್ಐಸಾಕ್ ಮತ್ತು ಜೇ ಬ್ಲಂಕ್, ಸಹಾಯಕ ಜನರಲ್ ಮ್ಯಾನೇಜರ್ ಕೆವಿನ್ ಶೆವೆಲ್‌ಡೇಯಾಫ್, ಮತ್ತು ಆಟಗಾರರ ಮನೋಬಲ ನೋಡಿಕೊಳ್ಳುವ ತರಬೇತುದಾರ ಅಲ್ಲಿದ್ದರು. ಆಲ್ಡ್ರಿಚ್ ವಿರುದ್ಧ ಗಂಭೀರ ಆರೋಪ ಬಂದಿದೆ ಎಂಬುದು ಚರ್ಚೆಯ ವಿಷಯ. ತಾವು ಎಷ್ಟು ಕೇಳಿಸಿಕೊಂಡೆವು ಎಂಬ ಬಗ್ಗೆ ಅವರವರ ನೆನಪು ಬೇರೆ ಬೇರೆ. ಬೋಮನ್ ತನಿಖಾಧಿಕಾರಿಗಳಿಗೆ ಹೇಳಿದ್ದು ಇದು: ಇಲ್ಲಿಯವರೆಗೆ ಬರಲು ತಂಡ ಎಷ್ಟು ಕಷ್ಟಪಟ್ಟಿದೆ, ಈಗ ಇದನ್ನು ನಿಭಾಯಿಸಲು ಆಗದು ಎಂಬರ್ಥದ ಮಾತು ಕ್ವೆನ್‌ವಿಲ್ ಅವರಿಂದ ಬಂತು, ಮೆಕ್‌ಡೊನೊ ತಾವು ನೋಡಿಕೊಳ್ಳುವುದಾಗಿ ಹೇಳಿದರು.

ನೋಡಿಕೊಂಡದ್ದು ಜೂನ್ 14ರಂದು. ಕ್ಲಬ್‌ನ ಮಾನವ ಸಂಪನ್ಮೂಲ ವಿಭಾಗಕ್ಕೆ ವಿಷಯ ತಲುಪಿದ್ದು ಅಂದು. ನಡುವೆ ಜೂನ್ 9ರಂದು ಫಿಲಡೆಲ್ಫಿಯಾದಲ್ಲಿ ಷಿಕಾಗೊ ಕಪ್ ಗೆದ್ದಿತ್ತು. 1961ರ ನಂತರ ಅದು ಮೊದಲ ಗೆಲುವು. ಊರಿಗೆ ಊರೇ ಬೀದಿಗಿಳಿದಿತ್ತು. ಆಲ್ಡ್ರಿಚ್ ಆ ಸಂಭ್ರಮದ ನಡುವೆಯೇ ಓಡಾಡಿಕೊಂಡಿದ್ದ. ಜೂನ್ 10ರ ರಾತ್ರಿ ಆತ ಕ್ಲಬ್‌ನ 22 ವರ್ಷದ ತರಬೇತಿ ಉದ್ಯೋಗಿಯೊಬ್ಬನ ಮೈಮೇಲೂ ಕೈಹಾಕಲು ಹೋದ ಎಂದು ವರದಿ ಹೇಳುತ್ತದೆ. ಒಬ್ಬ ನೌಕರನನ್ನು ಮೂರು ವಾರ ಮನೆಯಲ್ಲಿ ಕೂರಿಸಿದ್ದರೆ ತಪ್ಪುತ್ತಿದ್ದ ಘಟನೆ ಅದು. ವಿಡಿಯೊ ಕೋಚ್ ಒಬ್ಬ ಇಲ್ಲದಿದ್ದರೆ ಫೈನಲ್ ಸೋಲುತ್ತಿದ್ದರೇ ಎಂಬ ಪ್ರಶ್ನೆಯನ್ನು ಆ ಕೋಣೆಯಲ್ಲಿ ಯಾರಾದರೂ ಕೇಳಿಕೊಂಡಿದ್ದರೆ ಉತ್ತರ ಅಲ್ಲೇ ಸಿಗುತ್ತಿತ್ತು.

ಜೂನ್ 16ರಂದು ಆಲ್ಡ್ರಿಚ್ ಮುಂದೆ ಎರಡು ದಾರಿಗಳನ್ನು ಇಡಲಾಯಿತು: ತನಿಖೆ ಎದುರಿಸು, ಇಲ್ಲವೇ ರಾಜೀನಾಮೆ ಕೊಡು. ನಡೆದದ್ದೆಲ್ಲ ಪರಸ್ಪರ ಒಪ್ಪಿಗೆಯಿಂದ ಎಂಬುದು ಆತನ ಸಮರ್ಥನೆ. ಆತ ರಾಜೀನಾಮೆ ಆರಿಸಿಕೊಂಡ, ತನಿಖೆ ಅಲ್ಲಿಗೆ ನಿಂತಿತು. ಹೋಗುವಾಗ ಪರಿಹಾರದ ಹಣ ಸಿಕ್ಕಿತು, ಗೆಲುವಿನ ಬೋನಸ್ ಸಿಕ್ಕಿತು, ಒಂದು ದಿನದ ಮಟ್ಟಿಗೆ ಕಪ್ ಆತನ ಊರಿಗೂ ಹೋಗಿಬಂತು. ಜೂನ್ ಕೊನೆಯ ತಾರೀಖು ಹೊತ್ತ, ಕ್ವೆನ್‌ವಿಲ್ ಅವರ ಮೆಚ್ಚುಗೆಯ ಕಾರ್ಯಮೌಲ್ಯಮಾಪನವೂ ಕಡತದಲ್ಲಿ ಸೇರಿತು. ಇಂಥ ಕಾಗದಗಳನ್ನು ಹಿಡಿದುಕೊಂಡೇ ಮನುಷ್ಯ ಮುಂದಿನ ಊರಿಗೆ ಹೋಗುವುದು. ಆಲ್ಡ್ರಿಚ್ ಕಾಲೇಜು ತಂಡಗಳಿಗೆ ಹೋದ, ಅಲ್ಲಿಂದ ಮಿಷಿಗನ್‌ನ ಹೌಟನ್ ಎಂಬ ಸಣ್ಣ ಊರಿನ ಪ್ರೌಢಶಾಲೆಗೆ ಸ್ವಯಂಸೇವಕ ಕೋಚ್ ಆಗಿ ಹೋದ. 2013ರಲ್ಲಿ ಅಪ್ರಾಪ್ತ ವಯಸ್ಸಿನ ವಿದ್ಯಾರ್ಥಿಯೊಬ್ಬನ ಮೇಲಿನ ಲೈಂಗಿಕ ಅಪರಾಧದಲ್ಲಿ ಸಿಕ್ಕಿಬಿದ್ದು ಜೈಲು ಸೇರಿದ.

ಷಿಕಾಗೊದ ಆ ಆಟಗಾರ ಹನ್ನೊಂದು ವರ್ಷ ಹೆಸರಿಲ್ಲದವನಾಗಿಯೇ ಉಳಿದಿದ್ದ. 2021ರ ಮೇ ತಿಂಗಳಲ್ಲಿ ಹೂಡಿದ ಮೊಕದ್ದಮೆಯಲ್ಲೂ ‘ಜಾನ್ ಡೋ’ ಎಂಬ ಅನಾಮಿಕ ಹೆಸರೇ ಇತ್ತು. ವರದಿ ಬಂದ ಮರುದಿನ ಕೈಲ್ ಬೀಚ್ ಕೆನಡಾದ ಟಿಎಸ್‌ಎನ್ ವಾಹಿನಿಯಲ್ಲಿ ಕುಳಿತು ಅದು ತಾನೇ ಎಂದರು. 2008ರ ಡ್ರಾಫ್ಟ್‌ನಲ್ಲಿ, ಅಂದರೆ ಕ್ಲಬ್‌ಗಳು ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವ ಪ್ರಕ್ರಿಯೆಯಲ್ಲಿ, 11ನೆಯವನಾಗಿ ಆಯ್ಕೆಯಾಗಿದ್ದ ಅವರಿಗೆ 2010ರಲ್ಲಿ ಇಪ್ಪತ್ತು ವರ್ಷ. ಪ್ಲೇಆಫ್ ಹೊತ್ತಿಗೆ ಮುಖ್ಯ ತಂಡದ ಜೊತೆ ಅಭ್ಯಾಸಕ್ಕೆಂದು ಕರೆಸಿಕೊಳ್ಳುವ ಮೀಸಲು ಹುಡುಗರ ಗುಂಪಿಗೆ ಅಲ್ಲಿ ‘ಬ್ಲ್ಯಾಕ್ ಏಸಸ್’ ಎನ್ನುತ್ತಾರೆ, ಬೀಚ್ ಅವರಲ್ಲೊಬ್ಬರು. ತಾನು ದೂರು ಕೊಟ್ಟದ್ದು ಡ್ರೆಸ್ಸಿಂಗ್ ರೂಮಿಗೆಲ್ಲ ಹಬ್ಬಿ, ಸಹ ಆಟಗಾರರೇ ಅಣಕಿಸುತ್ತಿದ್ದರು ಎಂದು ಅವರು ಹೇಳಿದರು. ತನಗಾದದ್ದನ್ನು ಹೇಳಿ ಮುಗಿಸಿದ ಮೇಲೆ ಅವರು ಕ್ಷಮೆ ಕೇಳಿದ್ದು ಮಿಷಿಗನ್‌ನ ಆ ಹುಡುಗನಲ್ಲಿ. ಆ ಸಂದರ್ಶನದಲ್ಲಿ ನನ್ನನ್ನು ಹೆಚ್ಚು ಕಲಕಿದ ಭಾಗ ಅದು. ಕ್ಷಮೆ ಕೇಳಬೇಕಿದ್ದ ಅಷ್ಟೂ ಜನರ ಪೈಕಿ ಮೊದಲು ಕೇಳಿದವನು ಏನೂ ತಪ್ಪು ಮಾಡದ ಮನುಷ್ಯ.

ಕ್ವೆನ್‌ವಿಲ್ ಆಗ ಫ್ಲಾರಿಡಾ ಪ್ಯಾಂಥರ್ಸ್ ಕೋಚ್. ಆ ವರ್ಷದ ಜುಲೈನಲ್ಲಿ ಅವರು, ಈ ಆರೋಪ ತಮಗೆ ಮೊದಲು ತಿಳಿದದ್ದೇ ಮಾಧ್ಯಮಗಳಿಂದ, ಈ ಬೇಸಿಗೆಯಲ್ಲಿ ಎಂದು ಹೇಳಿಕೆ ಕೊಟ್ಟಿದ್ದರು. ಸಂದರ್ಶನ ಪ್ರಸಾರವಾದ ರಾತ್ರಿಯೂ ಅವರು ತಂಡದ ಬೆಂಚಿನ ಹಿಂದೆ ನಿಂತು ಪಂದ್ಯ ನಡೆಸಿದರು, ಮರುದಿನ ರಾಜೀನಾಮೆ. ಬೋಮನ್ ಅದಕ್ಕೆ ಎರಡು ದಿನ ಮೊದಲೇ ಹೋಗಿದ್ದರು. (ಅವರ ಹೆಸರಿನ ‘ಸ್ಟ್ಯಾನ್’ ಎಂಬುದೇ ಸ್ಟಾನ್ಲಿ ಕಪ್‌ನಿಂದ ಬಂದದ್ದು. ಕೋಚ್ ಆಗಿ ಒಂಬತ್ತು ಕಪ್ ಗೆದ್ದ ತಂದೆ ಸ್ಕಾಟಿ ಬೋಮನ್, ಮಗನಿಗೆ ಟ್ರೋಫಿಯ ಹೆಸರಿಟ್ಟಿದ್ದರು. ಕಪ್ ಎಂಬುದು ಈ ಜಗತ್ತಿನಲ್ಲಿ ಯಾವ ಪರಿಯ ದೇವರು ಎಂಬುದಕ್ಕೆ ಇಷ್ಟು ಸಾಕು.) ಶೆವೆಲ್‌ಡೇಯಾಫ್ ಆಗಿನ ಹುದ್ದೆಯಲ್ಲಿ ಕೆಳಗಿನವರಾಗಿದ್ದರು, ನಿರ್ಧಾರ ಅವರದಾಗಿರಲಿಲ್ಲ ಎಂದು ಲೀಗ್ ಅವರನ್ನು ಬಿಟ್ಟಿತು.

ಕ್ಲಬ್‌ಗೆ ಬಿದ್ದ ದಂಡ 20 ಲಕ್ಷ ಡಾಲರ್. ಈ ಅಂಕಿಯನ್ನು ಅದೇ ಲೀಗ್‌ನ ಬೇರೆ ದಂಡಗಳ ಪಕ್ಕದಲ್ಲಿಟ್ಟು ನೋಡಬೇಕು. ಅದೇ 2010ರಲ್ಲಿ ನ್ಯೂ ಜೆರ್ಸಿ ಡೆವಿಲ್ಸ್ ಕ್ಲಬ್, ಇಲ್ಯಾ ಕೊವಲ್ಚುಕ್ ಎಂಬ ಆಟಗಾರನ ಒಪ್ಪಂದವನ್ನು ವೇತನ ಮಿತಿ ತಪ್ಪಿಸುವಂತೆ ಹೆಣೆದಿದ್ದಕ್ಕೆ 30 ಲಕ್ಷ ಡಾಲರ್ ದಂಡಕ್ಕೆ ಗುರಿಯಾಯಿತು. ಮೇಲೆ ಡ್ರಾಫ್ಟ್ ಆಯ್ಕೆಗಳನ್ನೂ ಕಿತ್ತುಕೊಂಡರು. 2020ರಲ್ಲಿ ಅರಿಝೋನಾ ಕಯೋಟೀಸ್, ಡ್ರಾಫ್ಟ್‌ಗೆ ಮುಂಚೆ ಹುಡುಗರ ದೈಹಿಕ ಪರೀಕ್ಷೆಯನ್ನು ನಿಯಮ ಮೀರಿ ನಡೆಸಿದ್ದಕ್ಕೆ ಮೊದಲ ಮತ್ತು ಎರಡನೇ ಸುತ್ತಿನ ಆಯ್ಕೆಗಳನ್ನು ಕಳೆದುಕೊಂಡಿತು. ಷಿಕಾಗೊದಿಂದ ಒಂದು ಆಯ್ಕೆಯನ್ನೂ ಕಿತ್ತುಕೊಳ್ಳಲಿಲ್ಲ. ಈ ಲೀಗ್‌ನಲ್ಲಿ ಹಣಕ್ಕಿಂತ ದೊಡ್ಡ ನಾಣ್ಯ ಡ್ರಾಫ್ಟ್ ಆಯ್ಕೆ. ದಂಡವನ್ನು ಮಾಲೀಕ ಕಟ್ಟಿ ಮರೆಯುತ್ತಾನೆ, ಆಯ್ಕೆ ಹೋದರೆ ತಂಡ ವರ್ಷಗಟ್ಟಲೆ ನರಳುತ್ತದೆ. ಯಾವ ತಪ್ಪಿಗೆ ಯಾವ ನಾಣ್ಯದಲ್ಲಿ ದಂಡ ವಿಧಿಸುತ್ತಾರೆ ಎಂಬುದರಲ್ಲೇ ಲೀಗ್‌ನ ಮನಸ್ಸು ಕಾಣುತ್ತದೆ.

ಷಿಕಾಗೊ ಕಥೆ ಒಂಟಿಯಲ್ಲ. ಅದೇ ಋತುವಿನಲ್ಲಿ, ಅದೇ ಸಂಸ್ಥೆಯ ಒಂದು ಮೆಟ್ಟಿಲು ಕೆಳಗೆ ಇನ್ನೊಂದು ನಡೆದಿತ್ತು. ಬ್ಲ್ಯಾಕ್‌ಹಾಕ್ಸ್‌ನ ಕಿರಿಯ ತಂಡ ರಾಕ್‌ಫರ್ಡ್ ಐಸ್‌ಹಾಗ್ಸ್. 2009-10ರಲ್ಲಿ ಅದರ ಕೋಚ್ ಬಿಲ್ ಪೀಟರ್ಸ್. ತಂಡದಲ್ಲಿ ಅಕೀಮ್ ಅಲಿಯು ಎಂಬ ಯುವಕ: ನೈಜೀರಿಯಾದಲ್ಲಿ ಹುಟ್ಟಿ, ಉಕ್ರೇನ್‌ನಲ್ಲಿ ಬೆಳೆದು, ಕೆನಡಾಕ್ಕೆ ಬಂದು ಹಾಕಿ ಕಲಿತವರು. ಡ್ರೆಸ್ಸಿಂಗ್ ರೂಮಿನಲ್ಲಿ ಅವರು ಹಾಕಿದ ಹಿಪ್‌ಹಾಪ್ ಸಂಗೀತ ಕೇಳಿ ಪೀಟರ್ಸ್, ಕಪ್ಪು ಜನರನ್ನು ಹೀಯಾಳಿಸುವ ಅತಿ ಹೀನ ಪದವನ್ನು ಮತ್ತೆ ಮತ್ತೆ ಬಳಸಿದರು. ಪ್ರತಿಭಟಿಸಿದ ಅಲಿಯು ಇನ್ನೂ ಕೆಳಗಿನ ಲೀಗ್‌ಗೆ ರವಾನೆಯಾದರು. ಹತ್ತು ವರ್ಷದ ನಂತರ, 2019ರ ನವೆಂಬರ್‌ನಲ್ಲಿ, ಅಲಿಯು ಇದನ್ನು ಟ್ವಿಟರ್‌ನಲ್ಲಿ ಬರೆದಾಗ ಪೀಟರ್ಸ್ ಕ್ಯಾಲ್ಗರಿ ಫ್ಲೇಮ್ಸ್‌ನ ಮುಖ್ಯ ಕೋಚ್. ಇಬ್ಬರು ಹಳೆಯ ಸಹ ಆಟಗಾರರು ಹೌದೆಂದರು. ನಾಲ್ಕೇ ದಿನದಲ್ಲಿ ಪೀಟರ್ಸ್ ರಾಜೀನಾಮೆ ಕೊಟ್ಟರು. ಅದಕ್ಕೆ ಮುಂಚೆ ಕ್ಷಮಾಪಣೆಯ ಪತ್ರವೊಂದನ್ನು ಬರೆದಿದ್ದರು. ಅದು ಕ್ಲಬ್‌ನ ಜನರಲ್ ಮ್ಯಾನೇಜರ್‌ಗೆ ಬರೆದ ಪತ್ರ, ಅಲಿಯು ಹೆಸರು ಅದರಲ್ಲಿ ಇರಲೇ ಇಲ್ಲ. ನೊಂದವನಿಗಲ್ಲ, ಸಂಬಳ ಕೊಡುವವನಿಗೆ ಕ್ಷಮೆ ಕೇಳುವುದು ಈ ಸಂಸ್ಕೃತಿಯಲ್ಲಿ ಅಸಹಜ ಎನಿಸುವುದಿಲ್ಲ.

ಅದೇ ವಾರ ಮಿಖಾಲ್ ಯೋರ್ಡಾನ್ ಎಂಬ ಚೆಕ್ ಆಟಗಾರ, ಕ್ಯಾರೊಲೈನಾ ಹರಿಕೇನ್ಸ್‌ನಲ್ಲಿದ್ದಾಗ ಪಂದ್ಯದ ನಡುವೆ ಬೆಂಚಿನಲ್ಲೇ ಪೀಟರ್ಸ್ ತನ್ನನ್ನು ಒದ್ದದ್ದನ್ನೂ, ಇನ್ನೊಬ್ಬನಿಗೆ ಗುದ್ದಿದ್ದನ್ನೂ ಬರೆದರು. ಆಗ ಸಹಾಯಕ ಕೋಚ್ ಆಗಿದ್ದ ರಾಡ್ ಬ್ರಿಂಡಮೋರ್ ಅದು ನಿಜ ಎಂದರು. ಆಗಿನ ಜನರಲ್ ಮ್ಯಾನೇಜರ್ ರಾನ್ ಫ್ರಾನ್ಸಿಸ್ ತಾವು ತಕ್ಷಣ ಕ್ರಮ ಕೈಗೊಂಡದ್ದಾಗಿ ಹೇಳಿದರು. ಆಗಿನ ಮಾಲೀಕ ಪೀಟರ್ ಕಾರ್ಮನೋಸ್, ತಮಗೆ ಗೊತ್ತಾಗಿದ್ದರೆ ಅವತ್ತೇ ಆ ಕೋಚ್‌ನನ್ನು ಮನೆಗೆ ಕಳಿಸುತ್ತಿದ್ದೆ ಎಂದರು. ಯಾರ ಮಾತು ಸರಿ ಎಂಬ ಜಗಳ ಪಕ್ಕಕ್ಕಿರಲಿ. ಆ ‘ಕ್ರಮ’ದ ನಂತರವೂ ಪೀಟರ್ಸ್ ಅದೇ ತಂಡದ ಕೋಚ್ ಆಗಿಯೇ ಉಳಿದರು, ಮುಂದೆ ಇನ್ನೊಂದು ಕ್ಲಬ್ ಅವರನ್ನು ಆರಿಸಿಕೊಂಡಿತು. ‘ಒಳಗೇ ಬಗೆಹರಿಸಿಕೊಂಡೆವು’ ಎಂಬ ಮಾತಿಗೆ ಇಲ್ಲಿರುವ ಅರ್ಥ ಇಷ್ಟೇ.

ಷಿಕಾಗೊಗೆ ಆ ಚಳಿಗಾಲ ಇನ್ನೊಂದು ಏಟೂ ಬಿತ್ತು. ತಂಡದ ಸಹಾಯಕ ಕೋಚ್ ಮಾರ್ಕ್ ಕ್ರಾಫರ್ಡ್, 1996ರಲ್ಲಿ ಕೊಲರಾಡೊಗೆ ಕಪ್ ಗೆದ್ದುಕೊಟ್ಟವರು, ಹಿಂದೆ ಬೇರೆ ತಂಡಗಳಲ್ಲಿ ಆಟಗಾರರನ್ನು ಒದ್ದದ್ದು, ಬೈದದ್ದು ಹೊರಬಂತು. ಕೆಲ ವಾರ ಅಮಾನತಿನಲ್ಲಿದ್ದು, ಕ್ಷಮೆ ಕೇಳಿ, ಆಪ್ತಸಮಾಲೋಚನೆ ಪಡೆಯುತ್ತಿರುವುದಾಗಿ ಹೇಳಿ ಕೆಲಸಕ್ಕೆ ಮರಳಿದರು.

ಆಟಗಾರರು ಏಕೆ ಅಂದೇ ಬಾಯಿಬಿಡಲಿಲ್ಲ ಎಂದು ಕೇಳುವುದು ಸುಲಭ. ಆದರೆ ಹದಿನೈದನೇ ವಯಸ್ಸಿಗೇ ಕೆನಡಾದ ಪ್ರತಿಭಾವಂತ ಹುಡುಗನನ್ನು ಜೂನಿಯರ್ ತಂಡವೊಂದು ಆರಿಸಿಕೊಂಡಿರುತ್ತದೆ. ಹದಿನಾರಕ್ಕೆ ಅವನು ಮನೆ ಬಿಟ್ಟು ಎಲ್ಲೋ ದೂರದ ಊರಿನಲ್ಲಿ, ತಂಡ ಗೊತ್ತುಮಾಡಿದ ಯಾರದೋ ಮನೆಯಲ್ಲಿ ಉಳಿದುಕೊಳ್ಳುತ್ತಾನೆ. ಅಲ್ಲಿ ಅವನಿಗೆ ಗೊತ್ತಿರುವ ದೊಡ್ಡ ಮನುಷ್ಯ ಕೋಚ್ ಒಬ್ಬನೇ. ಹದಿನೆಂಟಕ್ಕೆ ಎನ್‌ಎಚ್‌ಎಲ್ ಡ್ರಾಫ್ಟ್. ಯಾವ ಕ್ಲಬ್‌ಗೆ ಹೋಗಬೇಕು ಎಂಬುದು ಅವನ ಆಯ್ಕೆಯಲ್ಲ. ಹೋದ ಮೇಲೆ ಎಷ್ಟು ನಿಮಿಷ ಮಂಜಿನ ಮೇಲೆ ಇಳಿಯಬೇಕು, ಯಾರ ಜೊತೆ ಆಡಬೇಕು, ಯಾವ ರಾತ್ರಿ ಕೋಟು ತೊಟ್ಟು ಗ್ಯಾಲರಿಯಲ್ಲಿ ಕೂರಬೇಕು, ಎಲ್ಲವೂ ಕೋಚ್‌ನ ಕೈಯಲ್ಲಿ. ಹೊಸಬರ ಒಪ್ಪಂದಗಳಲ್ಲಿ ಸಾಮಾನ್ಯವಾಗಿ ಎರಡು ಸಂಬಳಗಳಿರುತ್ತವೆ: ಮೇಲಿನ ತಂಡದಲ್ಲಿದ್ದರೆ ಒಂದು, ಕೆಳಗೆ ಕಳಿಸಿದರೆ ಅದರ ಚಿಕ್ಕ ಪಾಲು. ಕೋಚ್ ಮೇಲೆ ದೂರು ಕೊಟ್ಟರೆ ಅವಕಾಶ ಹೋಗುತ್ತದೆ, ಕೊಡದಿದ್ದರೆ ಏಟು ತಪ್ಪುವುದಿಲ್ಲ; ಅತ್ತ ದರಿ, ಇತ್ತ ಪುಲಿ. ಇದಕ್ಕೆ ಸೇರಿಕೊಳ್ಳುವುದು ಡ್ರೆಸ್ಸಿಂಗ್ ರೂಮಿನ ಮಾತು ಹೊಸಿಲು ದಾಟಬಾರದು ಎಂಬ ಕಟ್ಟಳೆ, ‘ತಂಡ ಮೊದಲು’ ಎಂಬ ಮಂತ್ರ, ಮತ್ತು ಹಲ್ಲು ಮುರಿದರೂ ಆಟಕ್ಕಿಳಿಯುವವನೇ ಗಂಡಸು ಎಂಬ ನಂಬಿಕೆ. ನೋವು ಹೇಳಿಕೊಳ್ಳದಿರುವುದನ್ನು ಹುಡುಗನಿಗೆ ಮೊದಲು ಕಲಿಸುವವನೇ ಕೋಚ್.

ಇದು ಹೊಸದಾಗಿ ಕಂಡ ರೋಗವೂ ಅಲ್ಲ. ಕೆನಡಾದ ಸ್ವಿಫ್ಟ್ ಕರೆಂಟ್ ಎಂಬ ಊರಿನ ಜೂನಿಯರ್ ತಂಡವನ್ನು 1989ರಲ್ಲಿ ರಾಷ್ಟ್ರೀಯ ಪಟ್ಟಕ್ಕೇರಿಸಿದ ಗ್ರಹಾಂ ಜೇಮ್ಸ್‌ನನ್ನು ದೇಶದ ಪ್ರಮುಖ ಹಾಕಿ ಪತ್ರಿಕೆ ‘ವರ್ಷದ ವ್ಯಕ್ತಿ’ ಎಂದು ಕರೆದಿತ್ತು. 1996ರಲ್ಲಿ, ಆಗ ಎನ್‌ಎಚ್‌ಎಲ್ ಆಟಗಾರರಾಗಿದ್ದ ಶೆಲ್ಡನ್ ಕೆನಡಿ, ಹದಿಹರೆಯದುದ್ದಕ್ಕೂ ಆತ ತನ್ನ ಮೇಲೆ ಲೈಂಗಿಕ ದೌರ್ಜನ್ಯ ಎಸಗಿದ್ದನ್ನು ಪೊಲೀಸರಿಗೆ ಹೇಳಿದರು. 1997ರ ಜನವರಿಯಲ್ಲಿ ಜೇಮ್ಸ್‌ಗೆ ಮೂರೂವರೆ ವರ್ಷದ ಶಿಕ್ಷೆಯಾಯಿತು. 2009ರಲ್ಲಿ ಥಿಯೊ ಫ್ಲೂರಿ ಎಂಬ ಖ್ಯಾತ ಆಟಗಾರ ತನಗೂ ಅದೇ ಆಗಿತ್ತು ಎಂದರು. ಜೇಮ್ಸ್ ಮತ್ತೆ ಜೈಲಿಗೆ ಹೋದ. ಆ ನಡುವೆ 2007ರಲ್ಲಿ ಸರ್ಕಾರ ಆತನಿಗೆ ಸದ್ದಿಲ್ಲದೆ ಕ್ಷಮಾದಾನ ಕೊಟ್ಟಿತ್ತು. ಕೆನಡಿ ಕಾಲಿಗೆ ಚಕ್ರದ ಸ್ಕೇಟ್ ಕಟ್ಟಿಕೊಂಡು ಕೆನಡಾದ ಉದ್ದಗಲ ಸುತ್ತಿ ಜಾಗೃತಿಗೆ ಹಣ ಎತ್ತಿದ್ದು 1998ರಲ್ಲಿ. ಷಿಕಾಗೊದ ಆ ಸಭೆ ಕೂಡಿದ್ದು ಅದಕ್ಕೆ ಹನ್ನೆರಡು ವರ್ಷ ಆದ ಮೇಲೆ. ಇಂಥದ್ದು ನಡೆಯುತ್ತದೆ ಎಂದು ನಮಗೆ ತಿಳಿದಿರಲಿಲ್ಲ ಎನ್ನುವ ಅವಕಾಶ ಆ ಕೋಣೆಯಲ್ಲಿದ್ದ ಯಾರಿಗೂ ಇರಲಿಲ್ಲ.

ಪೀಟರ್ಸ್ ಗದ್ದಲದ ನಂತರ, 2019ರ ಡಿಸೆಂಬರ್‌ನಲ್ಲಿ, ಕ್ಯಾಲಿಫೋರ್ನಿಯಾದ ಪೆಬಲ್ ಬೀಚ್‌ನಲ್ಲಿ ಕ್ಲಬ್ ಮಾಲೀಕರ ಸಭೆ ಸೇರಿತು. 1993ರಿಂದ ಲೀಗ್‌ನ ಕಮಿಷನರ್ ಆಗಿರುವ ಗ್ಯಾರಿ ಬೆಟ್‌ಮನ್ ಹೊಸ ನಿಯಮಗಳನ್ನು ಪ್ರಕಟಿಸಿದರು: ದುರ್ವರ್ತನೆಯ ವಿಷಯವನ್ನು ತಕ್ಷಣ ಲೀಗ್‌ಗೆ ತಿಳಿಸುವ ಕಟ್ಟಳೆ, ಕೋಚ್‌ಗಳಿಗೆ, ಮ್ಯಾನೇಜರ್‌ಗಳಿಗೆ ಪ್ರತಿ ವರ್ಷ ಕಡ್ಡಾಯ ತರಬೇತಿ, ಹೆಸರು ಹೇಳದೆ ದೂರು ಕೊಡಲು ಸಹಾಯವಾಣಿ, ತಪ್ಪಿತಸ್ಥರಿಗೆ ಶಿಕ್ಷೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾದರೂ, ಹಾಕಿದ್ದೇ ಒಳ್ಳೆಯದು ಎನ್ನೋಣ. ಆದರೆ ಮೊದಲ ನಿಯಮದ ಪದಗಳನ್ನು ಗಮನವಿಟ್ಟು ಓದಬೇಕು. ದುರ್ವರ್ತನೆ ಗೊತ್ತಾದರೆ ಕ್ಲಬ್ ತಕ್ಷಣ ಕಮಿಷನರ್‌ಗೆ ಅಥವಾ ಉಪ ಕಮಿಷನರ್‌ಗೆ ತಿಳಿಸಬೇಕು. ತಿಳಿಸದಿದ್ದರೆ ಎಳ್ಳಷ್ಟೂ ಸಹಿಸುವುದಿಲ್ಲ. ಸಹಿಸಲಾಗದ್ದು ಎಂದು ಇಲ್ಲಿ ಹೆಸರಿಸಿರುವುದು ತಮಗೆ ಸುದ್ದಿ ಮುಟ್ಟಿಸದಿರುವುದನ್ನು. ಕ್ಲಬ್‌ಗಳ ಮಾಲೀಕರೇ ನೇಮಿಸಿದ, ಅವರೇ ಸಂಬಳ ಕೊಡುವ ಕಚೇರಿಗೆ, ಅದೇ ಮಾಲೀಕರ ನೌಕರರ ಬಗ್ಗೆ ವರದಿ. ಕೊಳವೆ ಹಿಂದಿನದೇ, ತುದಿಯನ್ನು ಸ್ವಲ್ಪ ಮೇಲಕ್ಕೆ ಜೋಡಿಸಿದ್ದಾರೆ.

ಆಟಗಾರರಿಗೆ ಅವರದೇ ಸಂಘವಿದೆಯಲ್ಲ ಎನ್ನಬಹುದು. ಬೀಚ್ ಪ್ರಕರಣ ಆ ಸಂಘಕ್ಕೂ ತಲುಪಿತ್ತು, ಅಲ್ಲೂ ಏನೂ ಆಗಲಿಲ್ಲ. ಸಂಘ ತಾನೇ ಹೊರಗಿನ ಕಾನೂನು ಸಂಸ್ಥೆಯಿಂದ ಮಾಡಿಸಿದ ಪರಿಶೀಲನೆ, ಇದು ಯಾರೊಬ್ಬರ ತಪ್ಪಲ್ಲ, ಸಂವಹನದ ವೈಫಲ್ಯ ಎಂದಿತು. ಯಾರದೂ ಅಲ್ಲದ ತಪ್ಪುಗಳು ಈ ಆಟದಲ್ಲಿ ಬಹಳ.

ಆದ್ದರಿಂದಲೇ 2023ರ ಸೆಪ್ಟೆಂಬರ್‌ನಲ್ಲಿ ಕೊಲಂಬಸ್‌ನಲ್ಲಿ ನಡೆದದ್ದು ನನಗೆ ಉಳಿದೆಲ್ಲಕ್ಕಿಂತ ಕುತೂಹಲದ ಪ್ರಕರಣ. ಅದರ ಕೇಂದ್ರದಲ್ಲಿದ್ದವರು ಮೈಕ್ ಬ್ಯಾಬ್‌ಕಾಕ್ ಎಂಬ ಕೋಚ್. 2008ರಲ್ಲಿ ಡೆಟ್ರಾಯ್ಟ್‌ಗೆ ಕಪ್, 2010 ಮತ್ತು 2014ರಲ್ಲಿ ಕೆನಡಾಕ್ಕೆ ಒಲಿಂಪಿಕ್ ಚಿನ್ನ, 2015ರಲ್ಲಿ ಟೊರಾಂಟೊ ಜೊತೆ ಎಂಟು ವರ್ಷಕ್ಕೆ 5 ಕೋಟಿ ಡಾಲರ್ ಒಪ್ಪಂದ. 2019ರ ನವೆಂಬರ್ 20ರಂದು ಟೊರಾಂಟೊ ಅವರನ್ನು ತೆಗೆದದ್ದು ಸೋಲುಗಳಿಗಾಗಿ. ಅದಾದ ಮೇಲೆ ಹಳೆಯ ಕಥೆಯೊಂದು ಹೊರಬಿತ್ತು. ಮಿಚ್ ಮಾರ್ನರ್ ಎಂಬ ಹತ್ತೊಂಬತ್ತರ ಹೊಸ ಹುಡುಗನಿಗೆ ಅವರು, ತಂಡದವರಲ್ಲಿ ಯಾರು ಹೆಚ್ಚು ಶ್ರಮಿಸುತ್ತಾರೆ, ಯಾರು ಕಡಿಮೆ ಎಂದು ಸಾಲಾಗಿ ಬರೆದುಕೊಡಲು ಹೇಳಿದ್ದರು. ಬರೆದುಕೊಟ್ಟ ಪಟ್ಟಿಯನ್ನು ಅದರಲ್ಲಿ ಕೊನೆಗಿದ್ದ ಹಿರಿಯರಿಗೇ ಮುಟ್ಟಿಸಿದರು. ಕೈ ಮಾಡಲಿಲ್ಲ, ಕೆಟ್ಟ ಮಾತಾಡಲಿಲ್ಲ. ಒಬ್ಬ ಹುಡುಗನನ್ನು ಅವನ ಜೊತೆಗಾರರ ನಡುವೆ ಒಂಟಿ ಮಾಡಿದರು, ಅಷ್ಟೆ. ಡೆಟ್ರಾಯ್ಟ್‌ನಲ್ಲಿ ಅವರ ಕೈಕೆಳಗೆ ಆಡಿದ್ದ ಸ್ವೀಡನ್ನಿನ ಯೊಹಾನ್ ಫ್ರಾನ್ಜೆನ್, ತಾನು ಕಂಡ ಮನುಷ್ಯರಲ್ಲೇ ಅತಿ ಕೆಟ್ಟವನು ಎಂದು ತನ್ನ ದೇಶದ ಪತ್ರಿಕೆಗೆ ಹೇಳಿದರು.

ಇಷ್ಟೆಲ್ಲ ಆದ ಮೇಲೂ ಕೊಲಂಬಸ್ ಬ್ಲೂ ಜಾಕೆಟ್ಸ್ 2023ರ ಜುಲೈ 1ರಂದು ಅವರನ್ನು ಕೋಚ್ ಮಾಡಿತು. ಎರಡೂವರೆ ತಿಂಗಳಲ್ಲಿ, ಋತು ಶುರುವಾಗುವ ಮೊದಲೇ, ಪಾಲ್ ಬಿಸೊನೆಟ್ ಎಂಬ ಮಾಜಿ ಆಟಗಾರ ತಮ್ಮ ಪಾಡ್‌ಕಾಸ್ಟ್‌ನಲ್ಲಿ ಒಂದು ಬಾಂಬ್ ಹಾಕಿದರು: ಬ್ಯಾಬ್‌ಕಾಕ್ ಆಟಗಾರರನ್ನು ಕೋಣೆಗೆ ಕರೆಸಿ ಅವರ ಮೊಬೈಲ್‌ನಲ್ಲಿರುವ ಫೋಟೊಗಳನ್ನು ತೋರಿಸುವಂತೆ ಕೇಳುತ್ತಿದ್ದಾರೆ. ಕ್ಲಬ್ ಕೂಡಲೇ ಹೇಳಿಕೆ ಹೊರಡಿಸಿತು. ಪರಿಚಯ ಬೆಳೆಸಿಕೊಳ್ಳಲು ಕುಟುಂಬದ ಚಿತ್ರಗಳನ್ನು ಹಂಚಿಕೊಂಡದ್ದಷ್ಟೇ, ಇದನ್ನು ತಿರುಚಲಾಗಿದೆ ಎಂದು ಕೋಚ್ ಜೊತೆ ನಾಯಕ ಬೂನ್ ಜೆನ್ನರ್ ಕೂಡ ಹೇಳಿದರು. ಹಿಂದಿನ ಕಾಲವಾಗಿದ್ದರೆ ಪ್ರಕರಣ ಅಲ್ಲಿಗೆ ಮುಗಿಯುತ್ತಿತ್ತು. ಜೆನ್ನರ್ ಸುಳ್ಳು ಹೇಳಿದರು ಎಂದು ನಾನು ಹೇಳುತ್ತಿಲ್ಲ. ಮೂವತ್ತರ ಗಟ್ಟಿ ಆಟಗಾರ, ತಂಡದ ನಾಯಕ, ತನ್ನ ಕುಟುಂಬದ ಫೋಟೊ ತೋರಿಸುವುದು ಬೇರೆ. ತಂಡದಲ್ಲಿ ಜಾಗ ಇನ್ನೂ ಖಾತ್ರಿಯಿಲ್ಲದ ಇಪ್ಪತ್ತರ ಹುಡುಗನ ಮುಂದೆ ಕೋಚ್ ಮೊಬೈಲ್‌ಗೆ ಕೈ ಚಾಚುವುದು ಬೇರೆ. ಒಂದೇ ಮಾತು ಕೇಳುವವನ ಸ್ಥಾನಕ್ಕೆ ತಕ್ಕಂತೆ ಹರಟೆಯೂ ಆಗುತ್ತದೆ, ಆಜ್ಞೆಯೂ ಆಗುತ್ತದೆ.

ಈ ಸಲ ಆಟಗಾರರ ಸಂಘದ ಹೊಸ ಮುಖ್ಯಸ್ಥ ಮಾರ್ಟಿ ವಾಲ್ಷ್ ಸುಮ್ಮನಿರಲಿಲ್ಲ. ಅವರು ಅಮೆರಿಕದ ಕಾರ್ಮಿಕ ಸಚಿವರಾಗಿದ್ದವರು. ಕೋಚ್‌ನನ್ನು ಗುರುವಾಗಿ ನೋಡುವುದಕ್ಕಿಂತ ಮೇಲಧಿಕಾರಿಯಾಗಿ ನೋಡುವುದು ಅವರಿಗೆ ಸಹಜವೇನೋ. ಸಂಘದವರು ಕೊಲಂಬಸ್‌ಗೆ ಹೋಗಿ ಕಿರಿಯ ಆಟಗಾರರನ್ನು ಪ್ರತ್ಯೇಕವಾಗಿ ಮಾತಾಡಿಸಿದರು. ಕೆಲವರಿಗೆ ಮುಜುಗರವಾದದ್ದು ನಿಜ ಎಂದು ಗೊತ್ತಾಯಿತು. ಸೆಪ್ಟೆಂಬರ್ 17ರಂದು, ಒಂದು ಪಂದ್ಯವನ್ನೂ ನಡೆಸದೆ ಬ್ಯಾಬ್‌ಕಾಕ್ ರಾಜೀನಾಮೆ ಕೊಟ್ಟರು. ಪಾಡ್‌ಕಾಸ್ಟ್‌ನಿಂದ ರಾಜೀನಾಮೆಯವರೆಗೆ ಒಂದು ವಾರವೂ ಆಗಿರಲಿಲ್ಲ. ಯಾವ ಹೊಸ ಕಾನೂನೂ ಬಂದಿರಲಿಲ್ಲ. ಯಾರನ್ನು ಕೇಳಿದರು, ಯಾರು ಕೇಳಿದರು, ಎಷ್ಟು ಬೇಗ ಕೇಳಿದರು ಎಂಬುದಷ್ಟೇ ಬದಲಾಗಿತ್ತು. ಆದರೂ ಮೊದಲ ಬಾಗಿಲು ತೆರೆದದ್ದು ಸಹಾಯವಾಣಿಯಲ್ಲ, ಪಾಡ್‌ಕಾಸ್ಟ್ ಎಂಬುದನ್ನು ಮರೆಯುವಂತಿಲ್ಲ. ಅಲಿಯುಗೆ ಟ್ವೀಟ್, ಬೀಚ್‌ಗೆ ಮೊಕದ್ದಮೆ, ಕೊಲಂಬಸ್‌ಗೆ ಪಾಡ್‌ಕಾಸ್ಟ್. ಒಳಗಿನ ದಾರಿಯಿಂದ ಹೊರಬಂದದ್ದು ಒಂದೂ ಇಲ್ಲ.

ಹಳೆಯ ಮಂದಿಯ ವಾದ ಇದೆ: ಬಿಗಿ ಇಲ್ಲದೆ ಗೆಲುವಿಲ್ಲ, ಇಂದಿನ ಹುಡುಗರು ಮೆತ್ತಗಾಗಿದ್ದಾರೆ. ಬಿಗಿಯನ್ನು ಯಾರೂ ಪ್ರಶ್ನಿಸಿಲ್ಲ. ಆಡದವನನ್ನು ಬೆಂಚಿನಲ್ಲಿ ಕೂರಿಸುವುದು ಬಿಗಿ; ಬೆನ್ನಿಗೆ ಒದೆಯುವುದು ಹಲ್ಲೆ. ಈ ಎರಡರ ನಡುವಿನ ಗೆರೆ ಬಹಳ ಸೂಕ್ಷ್ಮ ಎನ್ನುವವರು ಸಾಮಾನ್ಯವಾಗಿ ಒದೆ ತಿಂದವರಾಗಿರುವುದಿಲ್ಲ.

ಹೊರಗಿನ ಕಾವಲು ಇಲ್ಲವೇ ಎಂದರೆ, ಇದೆ. ಅಮೆರಿಕದಲ್ಲಿ 2017ರಿಂದ ಸೇಫ್‌ಸ್ಪೋರ್ಟ್ ಎಂಬ ಸ್ವತಂತ್ರ ಕೇಂದ್ರವಿದೆ. ಕೆನಡಾದಲ್ಲಿ 2022ರಲ್ಲಿ ಕ್ರೀಡಾ ಸಮಗ್ರತೆಯ ಆಯುಕ್ತರ ಕಚೇರಿ ಬಂತು, 2025ರಲ್ಲಿ ಆ ಹೊಣೆ ಬೇರೆ ಸಂಸ್ಥೆಗೆ ಹೋಯಿತು. ಇವುಗಳ ಕೈ ಚಾಚುವುದು ಒಲಿಂಪಿಕ್ ಚೌಕಟ್ಟಿನ ಅಥವಾ ಸರ್ಕಾರದ ಹಣ ಪಡೆಯುವ ರಾಷ್ಟ್ರೀಯ ಕ್ರೀಡಾ ಸಂಸ್ಥೆಗಳವರೆಗೆ. ಎನ್‌ಎಚ್‌ಎಲ್ ಖಾಸಗಿ ಲೀಗ್. ಅದರ ಡ್ರೆಸ್ಸಿಂಗ್ ರೂಮಿನ ಬಾಗಿಲು ಅವರಿಗೆ ತೆರೆಯುವುದಿಲ್ಲ. ಖಾಸಗಿ ಲೀಗ್ ತಾನಾಗಿ ಕಠಿಣವಾಗಲಾರದು ಎಂದೇನೂ ಇಲ್ಲ. ಅಮೆರಿಕದ ಮಹಿಳಾ ಫುಟ್‌ಬಾಲ್ ಲೀಗ್, ತನ್ನಲ್ಲಿನ ಕೋಚ್‌ಗಳ ದೌರ್ಜನ್ಯದ ತನಿಖೆಗಳ ನಂತರ, 2023ರ ಜನವರಿಯಲ್ಲಿ ನಾಲ್ವರು ಕೋಚ್‌ಗಳನ್ನು ಶಾಶ್ವತವಾಗಿ ಹೊರಗಿಟ್ಟಿತು. ಶಾಶ್ವತ ಎಂಬ ಪದವನ್ನು ಎನ್‌ಎಚ್‌ಎಲ್ ಷಿಕಾಗೊದ ಮೂವರ ವಿಷಯದಲ್ಲಿ ಬಳಸಲಿಲ್ಲ. 2024ರ ಜುಲೈ 1ರಂದು ಬೋಮನ್, ಕ್ವೆನ್‌ವಿಲ್, ಮೆಕ್ಐಸಾಕ್ ಮತ್ತೆ ಲೀಗ್‌ನಲ್ಲಿ ಕೆಲಸ ಮಾಡಬಹುದು ಎಂದು ಅದು ಪ್ರಕಟಿಸಿತು. ಅವರು ತಪ್ಪು ಒಪ್ಪಿಕೊಂಡಿದ್ದಾರೆ, ಕಲಿತಿದ್ದಾರೆ ಎಂಬುದು ಲೀಗ್‌ನ ಮಾತು.

ಮನುಷ್ಯ ಬದಲಾಗುತ್ತಾನೆ ಎಂಬುದನ್ನು ನಾನೂ ನಂಬುತ್ತೇನೆ. ಪೀಟರ್ಸ್ ಕೂಡ ರಷ್ಯಾದಲ್ಲಿ ಕೆಲಸ ಮಾಡಿ, 2023ರಲ್ಲಿ ಕೆನಡಾದ ಲೆತ್‌ಬ್ರಿಜ್‌ನ ಜೂನಿಯರ್ ತಂಡಕ್ಕೆ ಕೋಚ್ ಆಗಿ ಮರಳಿದರು. ಅಂದರೆ ಹದಿಹರೆಯದ ಹುಡುಗರ ನಡುವೆಗೇ. ಅಷ್ಟು ಹೊತ್ತಿಗೆ ಅಲಿಯು ಎನ್‌ಎಚ್‌ಎಲ್‌ನಲ್ಲಿ ಆಡಿದ್ದು ಒಟ್ಟು ಏಳು ಪಂದ್ಯ. ಬೀಚ್ ಒಂದನ್ನೂ ಆಡಲಿಲ್ಲ. ತಮ್ಮ ಹೆಸರು ಹೇಳಿಕೊಂಡ ವರ್ಷ ಅವರು ಜರ್ಮನಿಯ ಕೆಳಹಂತದ ಲೀಗ್‌ನಲ್ಲಿ ಆಡುತ್ತಿದ್ದರು. ಎರಡನೇ ಅವಕಾಶ ಯಾರಿಗೆ ಸಿಗುತ್ತದೆ ಎಂಬ ಲೆಕ್ಕದಲ್ಲಿ ಇವರಿಬ್ಬರನ್ನೂ ಸೇರಿಸಿಕೊಳ್ಳಬೇಕಾಗುತ್ತದೆ.

ಅನುಮತಿ ಸಿಕ್ಕ ತಿಂಗಳಲ್ಲೇ ಬೋಮನ್ ಎಡ್ಮಂಟನ್ ಆಯಿಲರ್ಸ್‌ನ ಜನರಲ್ ಮ್ಯಾನೇಜರ್ ಆದರು. 2025ರ ಮೇ ತಿಂಗಳಲ್ಲಿ ಅನಹೈಮ್ ಡಕ್ಸ್ ಕ್ವೆನ್‌ವಿಲ್ ಅವರನ್ನು ಕೋಚ್ ಮಾಡಿತು. ಅವರ ಹೆಸರಿನಲ್ಲಿ ಆಗಲೇ 969 ಗೆಲುವುಗಳಿದ್ದವು, ಅವರಿಗಿಂತ ಮುಂದಿರುವುದು ಸ್ಕಾಟಿ ಬೋಮನ್ ಒಬ್ಬರೇ. ಶೆವೆಲ್‌ಡೇಯಾಫ್ 2011ರಿಂದಲೂ ವಿನ್ನಿಪೆಗ್ ಜೆಟ್ಸ್‌ನಲ್ಲಿದ್ದಾರೆ. ಎಡ್ಮಂಟನ್, ಅನಹೈಮ್, ವಿನ್ನಿಪೆಗ್, ಮೂರೂ ಪಶ್ಚಿಮ ವಿಭಾಗದ ತಂಡಗಳು. 2010ರ ಮೇ 23ರ ಆ ಕೋಣೆಯಲ್ಲಿ ಕುಳಿತಿದ್ದ ಮೂವರ ತಂಡಗಳು ಈಗ ಪ್ರತಿ ಋತುವಿನಲ್ಲೂ ಒಂದರ ಎದುರು ಇನ್ನೊಂದು ಆಡುತ್ತವೆ.